ಕ್ಯೂ ಮೇಡಂ ಹಾಕದ ಎರಡು ಸಹಿಗಳು

ಮಹಾಗಣಕಗಳನ್ನು ಕಟ್ಟಿದವರು, ಕೃತಕ ಬುದ್ಧಿಮತ್ತೆಯ ಬಗ್ಗೆ ದಪ್ಪ ಗ್ರಂಥ ಬರೆದವರು, ವೇದಿಕೆಗಳ ಮೇಲೆ ನಿಂತು ಅವೆರಡರ ಭವಿಷ್ಯ ನುಡಿದವರು ನಮ್ಮ ವಿದ್ವತ್ ವಲಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲರಿಗೂ ಈ ಹಿಂದೆಯೇ ಅಭಿನಂದನ ಗ್ರಂಥಗಳು ಬಂದಿವೆ, ಕೆಲವರಿಗೆ ಎರಡೆರಡು ಬಂದಿವೆ. ಆದರೆ ಆ ಯಂತ್ರದ ಮುಂದೆ ಕಂಗಾಲಾಗಿ ಕುಳಿತ ವಿದ್ಯಾರ್ಥಿಯ ಬೆನ್ನ ಹಿಂದೆ ನಿಂತು, "ಇದು ಯಾಕೆ ಹೀಗೆ ಬಂತು, ಹೇಳು" ಎಂದು ಕೇಳಿ, ಉತ್ತರ ಬರುವ ತನಕ ಅಲ್ಲಿಂದ ಕದಲದೆ, ಮೂರು ದಶಕಗಳ ಕಾಲ ಒಂದಿಡೀ ವಿಶ್ವವಿದ್ಯಾಲಯದ ತಾಳ್ಮೆಯನ್ನು ಪರೀಕ್ಷಿಸಿದವರು ಒಬ್ಬರೇ. ನಮ್ಮ ಗಣಕ ತರಬೇತಿ ಕೇಂದ್ರದ ಹಿರಿಯ ಬೋಧಕಿ, ಎಲ್ಲರ ಬಾಯಲ್ಲೂ 'ಕ್ಯೂ ಮೇಡಂ', ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರನ್ನು ಅಭಿನಂದಿಸುವುದು ನಮ್ಮ ಭಾಗ್ಯ. ಅವರ ಜೊತೆ ಕೆಲಸ ಮಾಡಿದ್ದು ಭಾಗ್ಯವೋ ಅಲ್ಲವೋ ಎಂಬ ಬಗ್ಗೆ ಕೇಂದ್ರದಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ಮೇಡಂ ಸೇವೆಗೆ ಸೇರಿದಾಗ ದೊಡ್ಡ ಯಂತ್ರವೆಂದರೆ ಕಿಟಕಿಯಿಲ್ಲದ ಒಂದು ಹಜಾರದ ತುಂಬ ಗುಂಯ್‌ಗುಡುತ್ತ ನಿಂತ ಕಪಾಟುಗಳ ಸಾಲು. ಹೊರಗೆ ಬೆವರು, ಒಳಗೆ ಸ್ವೆಟರು. ಹವಾಮಾನದವರು, ಔಷಧದವರು, ಸೇತುವೆ ಕಟ್ಟುವವರು, ನಕ್ಷತ್ರ ಎಣಿಸುವವರು ಎಲ್ಲರಿಗೂ ಅದೊಂದೇ ಯಂತ್ರವಾದ್ದರಿಂದ ಪ್ರತಿಯೊಬ್ಬರ ಲೆಕ್ಕವೂ ಸರದಿಯಲ್ಲಿ ಕಾಯಬೇಕಿತ್ತು. ಆ ಸರದಿಯನ್ನು ನೋಡಿಕೊಳ್ಳುವ ಕೆಲಸ ಮೇಡಂ ಅವರದಾಗಿತ್ತು. ಪ್ರಾಧ್ಯಾಪಕರೆನಿಸಿಕೊಂಡವರು ಹಿಂಬಾಗಿಲಿನಿಂದ ಬಂದು ಹಲ್ಲು ಕಿರಿದು "ನಮ್ಮದು ಸ್ವಲ್ಪ ಅರ್ಜೆಂಟು" ಎನ್ನುತ್ತಿದ್ದರು. "ಎಲ್ಲರದ್ದೂ ಅರ್ಜೆಂಟೇ ಸಾರ್. ಕ್ಯೂನಲ್ಲಿ ಬನ್ನಿ" ಎನ್ನುತ್ತಿದ್ದರು ಮೇಡಂ. ಒಮ್ಮೆ ಕುಲಪತಿಗಳ ಸ್ವಂತ ಲೆಕ್ಕವನ್ನೇ ಒಬ್ಬ ಮೊದಲ ವರ್ಷದ ವಿದ್ಯಾರ್ಥಿಯ ಹಿಂದೆ ನಿಲ್ಲಿಸಿದರು. ಆ ಸಿಟ್ಟಿನಲ್ಲಿ ಯಾರೋ ಇಟ್ಟ ಅಡ್ಡಹೆಸರು ಇಂದು ಅವರ ಬೀಳ್ಕೊಡುಗೆಯ ಆಮಂತ್ರಣದವರೆಗೂ ಬಂದು ಕೂತಿದೆ.

ಕೆಲವು ವರ್ಷ ಸರದಿ ನೋಡಿಕೊಂಡ ಮೇಲೆ ಅವರಿಗೆ ಒಂದು ಸತ್ಯ ಹೊಳೆಯಿತು: ಜನರಿಗೆ ಯಂತ್ರ ಸಾಲದೆ ಬರುತ್ತಿಲ್ಲ, ಯಂತ್ರವನ್ನು ಬಳಸಲು ಬಾರದೆ ಬರುತ್ತಿದ್ದಾರೆ. ನಲವತ್ತು ಪ್ರೊಸೆಸರುಗಳನ್ನು ಕೇಳಿ ಪಡೆದು, ಒಂದೇ ಒಂದನ್ನು ದುಡಿಸಿ, ಉಳಿದ ಮೂವತ್ತೊಂಬತ್ತನ್ನು ಸುಮ್ಮನೆ ಕೂರಿಸಿಕೊಂಡವರು ಎಷ್ಟು ಮಂದಿ! ಎಲ್ಲರೂ ಒಳಬರಬೇಕಾದ ಪ್ರವೇಶದ ಯಂತ್ರದಲ್ಲೇ ತಮ್ಮ ಭಾರಿ ಲೆಕ್ಕ ಹೂಡಿ, ಬಸ್ಸಿನ ಮೆಟ್ಟಿಲ ಮೇಲೆ ಹಾಸಿಗೆ ಬಿಚ್ಚಿದವರಂತೆ ಇಡೀ ವಿಶ್ವವಿದ್ಯಾಲಯವನ್ನು ಹೊರಗೆ ನಿಲ್ಲಿಸಿದವರು ಎಷ್ಟು ಮಂದಿ! ಮೇಡಂ ಆಡಳಿತದವರ ಕಿವಿ ತೂತು ಬೀಳುವಷ್ಟು ಬಾರಿ ಕೇಳಿ, ಉಗ್ರಾಣವಾಗಿದ್ದ ಕೋಣೆಯೊಂದನ್ನು ಗುಡಿಸಿ, ಕಾಲು ಅಲುಗುವ ಬೆಂಚುಗಳನ್ನು ಹಾಕಿಸಿ, ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ತರಬೇತಿ ಆರಂಭಿಸಿದರು. ಇಂದು ಈ ಕೇಂದ್ರದ ಹೆಮ್ಮೆಯೆನಿಸಿರುವ ಆ ತರಗತಿಯ ಮೊದಲ ತಂಡದಲ್ಲಿ ಏಳು ಜನರಿದ್ದರು. ಮಧ್ಯಾಹ್ನದ ಹೊತ್ತಿಗೆ ನಾಲ್ವರು ಪರಾರಿ.

ಅವರ ಕಲಿಸುವ ಕ್ರಮ ನೋಡಿದವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಯಾರಾದರೂ ತಮ್ಮ ಪ್ರೋಗ್ರಾಂ ಕೆಟ್ಟ ಫಲಿತಾಂಶ ಕೊಟ್ಟಿತೆಂದು ಮುಖ ಸಣ್ಣದು ಮಾಡಿಕೊಂಡು ಬಂದರೆ ಮೇಡಂ ಖುಷಿಯಾಗಿ ಟೀ ತರಿಸುತ್ತಿದ್ದರು. ಒಳ್ಳೆಯ ಫಲಿತಾಂಶ ತಂದವರಿಗೆ ಟೀ ಇಲ್ಲ, ಪ್ರಶ್ನೆಗಳು. "ಇಷ್ಟು ಚೆನ್ನಾಗಿ ಯಾಕೆ ಬಂತು? ಎಲ್ಲಿ ಎಡವಿದ್ದೀಯ ಹುಡುಕು." ಗೆದ್ದು ಬಂದವರು ಸಾಲಾಗಿ ಅಳುಮುಖ ಮಾಡಿಕೊಂಡು ಹೊರಗೆ ಹೋಗುವುದನ್ನೂ, ಸೋತವರು ಟೀ ಕುಡಿದು ಬಾಯಿ ಒರೆಸಿಕೊಂಡು ಬರುವುದನ್ನೂ ನೋಡಿದ ಲೆಕ್ಕಪತ್ರ ವಿಭಾಗದವರು ಇದೆಂಥ ಶಾಲೆಯಪ್ಪಾ ಎಂದು ಹಣೆ ಚಚ್ಚಿಕೊಂಡದ್ದುಂಟು.

ಆಮೇಲೆ ಕೃತಕ ಬುದ್ಧಿಮತ್ತೆಯ ಅಲೆ ಬಂತು. ನಿನ್ನೆಯವರೆಗೆ ಕೇಂದ್ರದ ಕಡೆ ತಲೆ ಹಾಕಿ ಮಲಗದವರೂ ಓಡೋಡಿ ಬಂದರು. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಮೇಡಂ ಹೊಸಬರಿಗೆಂದು ಸರಳವಾದ ಒಂದು ಅಭ್ಯಾಸ ಪಾಠ ಸಿದ್ಧಪಡಿಸಿದರು: ಸಾವಿರಾರು ಎಲೆಗಳ ಫೋಟೋಗಳು, ಯಾವುದು ರೋಗ ತಗುಲಿದ ಎಲೆ, ಯಾವುದು ಆರೋಗ್ಯದ ಎಲೆ ಎಂದು ಯಂತ್ರಕ್ಕೆ ಕಲಿಸುವುದು. ಫೋಟೋಗಳನ್ನೆಲ್ಲ ಕಲಸಿ, ಹೆಚ್ಚಿನ ಪಾಲಿನಿಂದ ಪಾಠ ಹೇಳಿಕೊಟ್ಟು, ಉಳಿದ ಪಾಲಿನಿಂದ ಪರೀಕ್ಷೆ ಮಾಡುವುದು. ಆ ಪಾಠ ಎಷ್ಟು ಜನಪ್ರಿಯವಾಯಿತೆಂದರೆ ಬೇರೆ ಬೇರೆ ವಿಭಾಗದವರು ಅದರ ಪ್ರೋಗ್ರಾಮನ್ನೇ ಎತ್ತಿಕೊಂಡು ಹೋಗಿ, ಎಲೆಯ ಜಾಗದಲ್ಲಿ ತಮ್ಮ ತಮ್ಮ ಫೋಟೋ ಹಾಕಿಕೊಂಡು ಸಂಶೋಧನೆ ಮಾಡತೊಡಗಿದರು. ಇನ್ನು ಕೆಲವರು ಅಷ್ಟೂ ಕಷ್ಟಪಡದೆ "ಎಐ ಬರೆದುಕೊಡ್ತು ಮೇಡಂ" ಎನ್ನುತ್ತಿದ್ದರು. "ಹಾಗಾದ್ರೆ ವೈವಾಗೂ ಅದನ್ನೇ ಕಳಿಸು, ನೀನು ಮನೇಲಿರು" ಎಂಬುದು ಮೇಡಂ ಅವರ ಸಿದ್ಧ ಉತ್ತರ.

ಅವರ ಸೇವಾವಧಿಯ ಅತ್ಯಂತ ದೊಡ್ಡ ರಾದ್ಧಾಂತ ಶುರುವಾದದ್ದು ಪಾದಗಳಿಂದ. ವೈದ್ಯಕೀಯ ವಿಭಾಗದ ಒಬ್ಬ ಸಂಶೋಧಕಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣುಗಳ ಮೇಲೆ ಕೆಲಸ ಮಾಡುತ್ತಿದ್ದಳು. ಹುಣ್ಣಿನ ಫೋಟೋ ನೋಡಿ, ಅದು ತಾನಾಗಿ ಮಾಯುತ್ತದೋ ಇಲ್ಲ ಕಾಲಿಗೆ ಸಂಚಕಾರ ತರುತ್ತದೋ ಎಂದು ಯಂತ್ರ ಹೇಳಬೇಕು, ಅದೇ ಅವಳ ಪ್ರಬಂಧ. ಕೇಂದ್ರದಲ್ಲಿ ಎಲ್ಲರಿಗೂ ಅವಳು 'ಪಾದದ ಹುಡುಗಿ'. ತಂದೆ ಇಲ್ಲ, ತಾಯಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಶಿಷ್ಯವೇತನದ ಅವಧಿ ಒಮ್ಮೆ ವಿಸ್ತರಣೆಯಾಗಿ ಅದೂ ಮುಗಿಯುತ್ತ ಬಂದಿತ್ತು. ಆ ಶೈಕ್ಷಣಿಕ ಸತ್ರದೊಳಗೆ ಪ್ರಬಂಧ ಸಲ್ಲಿಸದಿದ್ದರೆ ಪದವಿ ಇಲ್ಲ, ವರ್ಷಗಟ್ಟಲೆ ಮಾಡಿದ್ದೆಲ್ಲ ಹೊಳೆಯಲ್ಲಿ ತೊಳೆದ ಹುಣಸೆ ಹಣ್ಣು. ಅವಳ ಮಾರ್ಗದರ್ಶಕರು ಆಸ್ಪತ್ರೆಯ ಪಾದ ಚಿಕಿತ್ಸಾಲಯದ ಮುಖ್ಯಸ್ಥರು, ದೊಡ್ಡ ಡಾಕ್ಟರು. ಸಾಲದ್ದಕ್ಕೆ, ಆ ಡಾಕ್ಟರು ಮೇಡಂ ಅವರ ಸ್ವಂತ ಮೈದುನ. ಅಣ್ಣ-ತಮ್ಮ ಒಂದೇ ಮನೆಯ ಕೆಳಗೆ ಮೇಲೆ ವಾಸ, ಒಂದೇ ಅಡಿಗೆಮನೆ.

ದೊಡ್ಡ ಯಂತ್ರದಲ್ಲಿ ಮಾಡಿದ ಯಾವುದೇ ಸಂಶೋಧನೆಯನ್ನು ಕೇಂದ್ರ ಪರಿಶೀಲಿಸಿ ಸಹಿ ಹಾಕಿದ ಮೇಲೆಯೇ ಪ್ರಬಂಧ ಮುಂದೆ ಹೋಗುವುದು ನಮ್ಮಲ್ಲಿನ ನಿಯಮ. ಪಾದದ ಹುಡುಗಿ ಸಹಿಗೆಂದು ಬಂದಳು. ಫಲಿತಾಂಶ ನೂರಕ್ಕೆ ತೊಂಬತ್ತೇಳು ಸರಿ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಮೇಡಂ ಮುಖ ಗಂಟಿಕ್ಕಿಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋಟೋಗಳನ್ನು ಒಂದೊಂದಾಗಿ ತೆಗೆಸಿ ನೋಡಿದರು. ಬೆಳಗ್ಗೆ ಕೂತವರು ಊಟಕ್ಕೂ ಏಳಲಿಲ್ಲ. ಕೊನೆಗೆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು, ಹೆಬ್ಬೆರಳ ಪಕ್ಕದ ಒಂದು ಮಚ್ಚೆಯನ್ನು ತೋರಿಸಿದರು.

"ಇದು ಪಾಠ ಹೇಳಿಕೊಟ್ಟ ಫೋಟೋ. ಇದು ಪರೀಕ್ಷೆಗೆ ಕೊಟ್ಟ ಫೋಟೋ. ಇಬ್ಬರೂ ಒಬ್ಬರೇ ಅಲ್ವೇನಮ್ಮ?"

ಹುಡುಗಿ ಬೆಚ್ಚಿದಳು. ಒಬ್ಬೊಬ್ಬ ರೋಗಿಯ ಪಾದದ ಫೋಟೋವನ್ನು ಪ್ರತಿ ಭೇಟಿಯಲ್ಲೂ ತೆಗೆದಿದ್ದರು. ಹತ್ತು ಹದಿನೈದು ಫೋಟೋ ಒಬ್ಬರದೇ. ಎಲ್ಲವನ್ನೂ ಕಲಸಿ ಎರಡು ಪಾಲು ಮಾಡಿದಾಗ ಅದೇ ಪಾದ ಎರಡೂ ಕಡೆ ಸೇರಿಕೊಂಡಿತ್ತು. ಪರೀಕ್ಷೆಯಲ್ಲಿ ಯಂತ್ರ ಹುಣ್ಣನ್ನು ಓದುವ ಕಷ್ಟಕ್ಕೇ ಹೋಗಿರಲಿಲ್ಲ. ಪರಿಚಯದ ಕಾಲು ಕಂಡೊಡನೆ, ಓಹೋ ಇವರಾ, ಇವರದು ಕೆಟ್ಟಿತ್ತಲ್ಲ ಎಂದು ನೆನಪಿನಿಂದ ಉತ್ತರ ಒಪ್ಪಿಸಿತ್ತು. ಮೇಡಂ ಸಹಿ ಹಾಕಲಿಲ್ಲ.

ಆ ಸಂಜೆ ಮನೆಯಲ್ಲಿ ಮಹಾಯುದ್ಧ. ಡಾಕ್ಟರು ಮಹಡಿಯಿಂದ ಧಡಧಡ ಇಳಿದು ಬಂದರು. "ಅತ್ತಿಗೆ, ಒಂದು ಸೈನ್ ಹಾಕೋಕೆ ನಿಮಗೇನು ಗಂಟು ಹೋಗತ್ತೆ? ಮುಂದಿನ ತಿಂಗಳಿಂದ ಕ್ಲಿನಿಕ್ಕಲ್ಲಿ ಇದನ್ನ ಬಳಸಬೇಕು ಅಂತ ನಾನು ಎಲ್ಲರಿಗೂ ಹೇಳಿಯಾಗಿದೆ."

"ಹೇಳಿದ್ದನ್ನ ಇಲ್ಲ ಅಂತ ಹೇಳು. ಹೊಸ ರೋಗಿ ಬಂದ್ರೆ ಅದಕ್ಕೆ ಏನೂ ಗೊತ್ತಾಗಲ್ಲ."

"ಮೂವತ್ತು ವರ್ಷದಿಂದ ಪಾದ ನೋಡ್ತಿರೋನು ನಾನು."

"ಅದಕ್ಕೇ ಹೇಳಿದ್ದು, ನೀನೇ ನೋಡು. ಅದರ ಕೈಲಿ ನೋಡಿಸಬೇಡ."

ಮೇಡಂ ಅವರ ಯಜಮಾನರು ಇಬ್ಬರ ನಡುವೆ ಪತ್ರಿಕೆ ಅಗಲವಾಗಿ ಹಿಡಿದು ಅದರ ಹಿಂದೆ ಅಡಗಿಕೊಂಡರು. ಅಂದಿನಿಂದ ಡಾಕ್ಟರು ಕೆಳಗೆ ಊಟಕ್ಕೆ ಬರುವುದನ್ನು ಬಿಟ್ಟರು. ತಟ್ಟೆ ಮೇಲಕ್ಕೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ.

ಹುಡುಗಿ ಒಬ್ಬ ರೋಗಿಯ ಎಲ್ಲ ಫೋಟೋಗಳೂ ಒಂದೇ ಪಾಲಿನಲ್ಲಿರುವಂತೆ ಬೇರ್ಪಡಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ತೊಂಬತ್ತೇಳು ಇದ್ದದ್ದು ಅರವತ್ತಾರಕ್ಕೆ ಬಿತ್ತು. ಅದನ್ನು ಸರಿಮಾಡಿ, ಹೊಸದಾಗಿ ಬರೆದು ಸಲ್ಲಿಸಲು ಇನ್ನೊಂದು ಸತ್ರ ಬೇಕು. ಆ ಸತ್ರ ಅವಳಿಗಿಲ್ಲ. ಬೆಂಚಿನ ಮೇಲೆ ತಲೆಯಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಟೀ ತರಿಸಿದರು. ಅವತ್ತು ಆ ಟೀ ನೋಡಿ ನಮ್ಮೆಲ್ಲರ ಮೈ ಉರಿದುಹೋಯಿತು.

ಆಗ ನಮ್ಮಲ್ಲೇ ಒಬ್ಬರು ಒಂದು ದಾರಿ ತೋರಿಸಿದರು. ಎರಡನೆಯ ವಿಸ್ತರಣೆಗೆ ನಿಯಮದಲ್ಲಿ ಅವಕಾಶವೇ ಇಲ್ಲವೆಂದಲ್ಲ. ಕೇಂದ್ರದ ಕಡೆಯ ತೊಂದರೆಯಿಂದ ವಿದ್ಯಾರ್ಥಿಯ ಕಾಲ ನಷ್ಟವಾದರೆ ಕೊಡಬಹುದು. ದೊಡ್ಡ ಯಂತ್ರ ಕೆಲವು ವಾರ ಕೆಟ್ಟಿತ್ತು ಎಂದು ಒಂದು ಸಾಲು ಬರೆದು ಮೇಡಂ ಸಹಿ ಹಾಕಿದರೆ ಮುಗಿಯಿತು. ಯಾರಿಗೆ ನಷ್ಟ? ಯಂತ್ರವೇನು ಬಂದು ಜಗಳವಾಡುತ್ತದೆಯೇ? ಡಾಕ್ಟರು ಒಪ್ಪಿದರು, ಆಡಳಿತದವರು ಕಣ್ಣು ಮಿಟುಕಿಸಿದರು, ಹುಡುಗಿಯ ತಾಯಿ ಅಂಗಡಿಗೆ ರಜೆ ಹಾಕಿ ಬಂದು ಮೇಡಂ ಅವರ ಕೈ ಹಿಡಿದುಕೊಂಡರು.

"ಮೇಡಂ, ನಿಮಗೂ ಹೆಣ್ಮಕ್ಕಳಿದ್ರೆ ಗೊತ್ತಾಗ್ತಿತ್ತು" ಎಂದರು ತಾಯಿ. ಮಕ್ಕಳಿಲ್ಲದ ಮೇಡಂ ಆ ಮಾತನ್ನು ನುಂಗಿಕೊಂಡು, ಅವರಿಗೆ ಕುರ್ಚಿ ಹಾಕಿದರು. ಸಹಿ ಮಾತ್ರ ಹಾಕಲಿಲ್ಲ. "ಯಂತ್ರ ಕೆಟ್ಟಿರಲಿಲ್ಲವಲ್ಲಮ್ಮ" ಎಂದಷ್ಟೇ ಹೇಳಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೇವೆ. ಮೊಲವನ್ನು ಬಿಚ್ಚಿಟ್ಟು ಕಾಲು ಎಣಿಸಿ ತೋರಿಸು ಎನ್ನುವವರನ್ನು ಕಂಡದ್ದು ಅಂದೇ ಮೊದಲು. ಕೇಂದ್ರದಲ್ಲಿ ಅವರ ಜೊತೆ ಮಾತಾಡುವವರು ಕಡಿಮೆಯಾದರು. ಪ್ರಾಮಾಣಿಕತೆಗೂ ಒಂದು ಮಿತಿ ಬೇಡವೇ ಎಂದು ಕಾರಿಡಾರಿನಲ್ಲಿ ಗಟ್ಟಿಯಾಗಿಯೇ ಹೇಳಿದವರಿದ್ದರು, ಈ ಬರಹದ ಹಿಂದಿರುವ ಕೈ ಸೇರಿದಂತೆ.

ಮೇಡಂ ಮಾತ್ರ ಹುಡುಗಿಯನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಪ್ರೋಗ್ರಾಮನ್ನು ಮೊದಲಿನಿಂದ ಓದಿಸಿದರು. ಫೋಟೋಗಳನ್ನು ಕಲಸುವ ಸಾಲು ಬಂದಾಗ, "ಇದನ್ನ ಯಾರು ಹೇಳಿಕೊಟ್ರು?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಮತ್ತೆ ಕೇಳಿದರು. ಅವಳು ಉಗುರು ಕಚ್ಚಿಕೊಳ್ಳುತ್ತ, "ನಿಮ್ಮ ಕ್ಲಾಸಿಂದಾನೇ ಮೇಡಂ. ಎಲೆ ಪಾಠದ್ದು" ಎಂದಳು.

ಅಲ್ಲಿಗೆ ಬಂತು ನೋಡಿ ಬುಡಕ್ಕೆ. ಎಲೆಗಳ ಪಾಠದಲ್ಲಿ ಒಂದು ಎಲೆಗೆ ಒಂದೇ ಫೋಟೋ. ಹೇಗೆ ಕಲಸಿದರೂ ಅದೇ ಎಲೆ ಎರಡು ಕಡೆ ಬರುವಂತಿರಲಿಲ್ಲ. ಅಲ್ಲಿ ಆ ಸಾಲು ನಿರುಪದ್ರವಿ. ಆದರೆ ಒಬ್ಬರದೇ ಹಲವು ಫೋಟೋಗಳಿದ್ದಾಗ ಹೀಗೆ ಕಲಸಬಾರದು ಎಂಬ ಎಚ್ಚರಿಕೆಯ ಒಂದು ಮಾತು ಇಡೀ ಪಾಠದಲ್ಲಿ ಎಲ್ಲೂ ಇರಲಿಲ್ಲ. ಲೋಕದ ಎಲ್ಲರ ಫಲಿತಾಂಶವನ್ನೂ ಅನುಮಾನಿಸಿದ ಮೇಡಂ ತಮ್ಮ ಪಾಠವನ್ನು ಅನುಮಾನಿಸುವುದನ್ನು ಮರೆತಿದ್ದರು. ಅಂದು ಅವರು ಆ ಪಾಠವನ್ನು ತೆರೆದು ಮೊದಲಿನಿಂದ ಓದಿಕೊಂಡರು. ಆಮೇಲೆ ಹುಡುಗಿಗೆ, "ಇದನ್ನ ಮೊದಲೇ ಹೇಳೋದಲ್ವೇನೇ, ಪೆದ್ದಿ" ಎಂದರು. "ಹೇಗೆ ಹೇಳ್ಲಿ ಮೇಡಂ, ನೀವು ಗುರುಗಳು" ಎಂದಳು ಅವಳು. ಆ ಉತ್ತರಕ್ಕೆ ಮೇಡಂ ರೇಗಿದಷ್ಟು ಆ ಪ್ರೋಗ್ರಾಮಿಗೂ ರೇಗಿರಲಿಲ್ಲ.

ವಿಸ್ತರಣೆಯ ಸಮಿತಿ ಸೇರಿತು. ಉದ್ದ ಮೇಜು, ನೀರಿನ ಬಾಟಲಿಗಳು, ಕೊನೆಯಲ್ಲಿ ಪಾದದ ಹುಡುಗಿ, ಅವಳ ಪಕ್ಕ ಮುಖ ತಿರುಗಿಸಿಕೊಂಡ ಡಾಕ್ಟರು. ಅದೇ ಸಮಿತಿಯ ಅಧ್ಯಕ್ಷರು ಕೇಂದ್ರದ ನಿರ್ದೇಶಕರ ಹುದ್ದೆಗೆ ಹೆಸರು ಸೂಚಿಸುವವರೂ ಆಗಿದ್ದರು. ಆ ಹೆಸರು ಮೇಡಂ ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ ದಾರಿ ಸುಗಮ ಮಾಡಿಕೊಟ್ಟರು.

"ಯಂತ್ರ ಒಂದಷ್ಟು ದಿನ ಕೈಕೊಟ್ಟಿತ್ತು ಅಂತ ಬಾಯಲ್ಲಿ ಹೇಳಿದ್ರೂ ಸಾಕು ಮೇಡಂ. ನಾವು ಬರ್ಕೋತೀವಿ."

ಮೇಡಂ ಎದ್ದು ನಿಂತರು. "ಯಂತ್ರ ಕೆಟ್ಟಿರಲಿಲ್ಲ ಸಾರ್. ಕೆಟ್ಟದ್ದು ನಮ್ಮ ಪಾಠ. ಆ ಪಾಠ ಬರೆದೋಳು ನಾನು. ಈ ಮಗು ನಾನು ಹೇಳಿಕೊಟ್ಟ ಹಾಗೇ ಮಾಡಿದೆ, ಅದರಿಂದ ಇವಳ ಕಾಲ ಹಾಳಾಯ್ತು. ಕೇಂದ್ರದ ಕಡೆಯ ತೊಂದರೆ ಅಂತ ನಿಮ್ಮ ನಿಯಮದಲ್ಲಿದೆಯಲ್ಲ, ಇದು ಅದೇ. ಹೀಗೇ ಬರ್ಕೊಳಿ. ಇದಕ್ಕೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಅಧ್ಯಕ್ಷರು ನೀರು ಕುಡಿದರು. ಹಾಗೆ ಬರೆದರೆ ಆ ಪಾಠ ಕಲಿತ ಉಳಿದವರ ಗತಿಯೇನು ಎಂಬ ಪ್ರಶ್ನೆ ಏಳುತ್ತದಲ್ಲ ಎಂದು ಮೆಲ್ಲಗೆ ನೆನಪಿಸಿದರು. "ಏಳಬೇಕು ಸಾರ್" ಎಂದರು ಮೇಡಂ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕೇಂದ್ರದ ಇತಿಹಾಸದಲ್ಲಿಲ್ಲ. ಅವರು ಬಿಟ್ಟುಕೊಂಡ ಇರುವೆ ನಮ್ಮೆಲ್ಲರ ಮೈಮೇಲೂ ಹತ್ತಿತು. ಹುಡುಗಿಗೆ ವಿಸ್ತರಣೆ ಸಿಕ್ಕಿತು. ಕೇಂದ್ರಕ್ಕೆ ಛೀಮಾರಿ ಸಿಕ್ಕಿತು. ನಿರ್ದೇಶಕರ ಹುದ್ದೆ ಬೇರೆ ವಿಭಾಗದಿಂದ ಬಂದ ಒಬ್ಬ ಸಜ್ಜನರಿಗೆ ಸಿಕ್ಕಿತು. ಅವರ ಕೈಕೆಳಗೆ ಮೇಡಂ ನಿವೃತ್ತಿಯವರೆಗೂ ಮುಖ ಬಾಡಿಸದೆ ದುಡಿದರು. ನಮಗೆ ಸಿಕ್ಕಿದ್ದು ಎಲೆ ಪಾಠ ಕಲಿತ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡುವ ಕೆಲಸ.

ಆ ಫೋನಿನ ದಿನಗಳನ್ನು ನೆನೆದರೆ ಈಗಲೂ ಬೆವರು ಬರುತ್ತದೆ. "ನಮಸ್ಕಾರ, ನಾವು ನಿಮಗೆ ಒಂದು ವಿಷಯ ಅರ್ಧ ಕಲಿಸಿದ್ದೇವೆ, ದಯವಿಟ್ಟು ನಿಮ್ಮ ಕೆಲಸವನ್ನು ಇನ್ನೊಮ್ಮೆ ನೋಡಿಕೊಳ್ಳಿ" ಎಂದು ಕರೆ ಮಾಡಿ ಹೇಳಿ ನೋಡಿ, ಗೊತ್ತಾಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಕೆಲವರು ಬೈದರು, ಕೆಲವರು ಫೋನ್ ಕುಕ್ಕಿದರು, ಒಬ್ಬರು ಆಗಲೇ ಪ್ರಶಸ್ತಿ ಪಡೆದಿದ್ದರು, ಅವರು ಅತ್ತರು. ಬೈಯುವವರ ಕರೆಗಳನ್ನೆಲ್ಲ ಮೇಡಂ ತಮ್ಮ ಮೇಜಿಗೆ ತರಿಸಿಕೊಂಡು ತಾವೇ ಬೈಸಿಕೊಂಡರು. ಅದನ್ನು ಇಲ್ಲಿ ಕೃತಜ್ಞತೆಯಿಂದ ದಾಖಲಿಸಬೇಕು.

ಪಾದದ ಹುಡುಗಿಯ ಪ್ರಬಂಧ ಹೊಸದಾಗಿ ಬಂತು. ಸಂಖ್ಯೆ ಎಪ್ಪತ್ತೊಂದು, ಅದಕ್ಕಿಂತ ಮೇಲೆ ಏರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು, ಇಷ್ಟು ಕಡಿಮೆ ಯಾಕೆ ಎಂದು ಮೂಗು ಮುರಿದರು. "ಕಡಿಮೆಯೇ ಸಾರ್. ಆದ್ರೆ ನಾಳೆ ಬಾಗಿಲಲ್ಲಿ ಹೊಸಬರು ಬಂದು ನಿಂತರೂ ಇಷ್ಟೇ ಬರುತ್ತೆ" ಎಂದಳು ಹುಡುಗಿ. ಪದವಿ ಬಂತು. ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಡಂ ಎಂದಿನಂತೆ ಗೋಡೆ ಬದಿಗೆ ನಿಂತಿದ್ದರು.

ಡಾಕ್ಟರ ಮುನಿಸು ಮಾತ್ರ ಇಳಿದಿರಲಿಲ್ಲ. ಮುಂದೆ ನಡೆದದ್ದನ್ನು, ಇದನ್ನು ಬರೆಯಲೇಬೇಕು ಎಂದು ಒತ್ತಾಯಿಸಿ ಹೇಳಿದವರು ಅವರೇ. ಅತ್ತಿಗೆಯ ಮಾತು ಸುಳ್ಳು ಮಾಡಿ ತೋರಿಸುತ್ತೇನೆಂಬ ಹಟಕ್ಕೆ ಅವರು ಹಳೆಯ ತೊಂಬತ್ತೇಳರ ಪ್ರೋಗ್ರಾಮನ್ನು ಬಿಸಾಡದೆ ಇಟ್ಟುಕೊಂಡು, ಚಿಕಿತ್ಸಾಲಯಕ್ಕೆ ಬರುವ ಪ್ರತಿ ಹೊಸ ರೋಗಿಯ ಫೋಟೋವನ್ನೂ ಗುಟ್ಟಾಗಿ ಅದಕ್ಕೆ ತೋರಿಸುತ್ತಿದ್ದರಂತೆ. ಒಂದು ದಿನ ಒಬ್ಬ ನಿವೃತ್ತ ಲಾರಿ ಚಾಲಕರು ಹಿಮ್ಮಡಿಯಲ್ಲಿ ಸಣ್ಣ ಹುಣ್ಣು ಹೊತ್ತು ಬಂದರು. ಏನೂ ಅಪಾಯವಿಲ್ಲ, ಮನೆಗೆ ಕಳಿಸಿ ಎಂದಿತು ಯಂತ್ರ. ಡಾಕ್ಟರು ಬೆರಳಲ್ಲಿ ಮುಟ್ಟಿ ನೋಡಿ, ಯಾಕೋ ಮನಸ್ಸೊಪ್ಪದೆ ಅವರನ್ನು ಉಳಿಸಿಕೊಂಡರು. ಮರುದಿನವೇ ಕಾಲು ಊದಿ ಕಪ್ಪಾಗತೊಡಗಿತು. ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದರು.

ಅಂದು ಸಂಜೆ ಡಾಕ್ಟರು ಮಹಡಿಯಿಂದ ನಿಧಾನವಾಗಿ ಇಳಿದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಅತ್ತಿಗೆ, ಅವತ್ತು ನೀವು ಸೈನ್ ಹಾಕಿದ್ರೆ, ನಾನು ಅದರ ಮಾತು ಕೇಳಿ ಆ ಮನುಷ್ಯನ್ನ ಮನೆಗೆ ಕಳಿಸಿರ್ತಿದ್ದೆ" ಎಂದರು. ಅತ್ತಿಗೆ ಈಗ ತನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ ಎಂದೇ ಅವರು ಬಂದಿದ್ದರು.

"ಅವರು ಈಗ ಹೇಗಿದ್ದಾರೆ?" ಎಂದು ಕೇಳಿದರು ಮೇಡಂ.

"ಕಾಲು ಉಳೀತು. ಎದ್ದು ನಡೀತಾರೆ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮೈದುನನಿಗೆ ಕುರ್ಚಿ ಎಳೆದು ಹಾಕಿದರು, ತಟ್ಟೆ ಇಟ್ಟರು. ಆ ವಿಷಯವಾಗಿ ಆ ಮನೆಯಲ್ಲಿ ಮತ್ತೆ ಮಾತು ಬರಲಿಲ್ಲ.

ಇಂಥವರನ್ನು ಬೀಳ್ಕೊಡುವಾಗ ವಿಶ್ರಾಂತಿ ಜೀವನ ಸುಖಕರವಾಗಿರಲಿ ಎಂದು ಹಾರೈಸುವುದು ವಾಡಿಕೆ. ಆ ಹಾರೈಕೆಯನ್ನು ಮೇಡಂ ಆಗಲೇ ತಿರಸ್ಕರಿಸಿದ್ದಾರೆ. ಬರುವ ಸೋಮವಾರ ಶುರುವಾಗುವ ಹೊಸ ತಂಡದ ತರಗತಿಗೆ ತಾವು ಬಂದು ಕೊನೆಯ ಬೆಂಚಿನಲ್ಲಿ ಕೂರುವುದಾಗಿಯೂ, ನಾವು ಹೇಳುವ ಪಾಠದಲ್ಲಿ ಏನೇನು ಬಿಟ್ಟುಹೋಗಿದೆ ಎಂದು ನೋಡುವುದಾಗಿಯೂ ತಿಳಿಸಿದ್ದಾರೆ. ಯಾರೂ ಕರೆದಿಲ್ಲ. ಬರಲಿ. ಅವರಿಗೆ ನೂರು ವರ್ಷ ತುಂಬು ಆಯಸ್ಸು ಸಿಗಲಿ, ಕಣ್ಣು ಮಂಜಾಗದಿರಲಿ, ಅನುಮಾನ ಬತ್ತದಿರಲಿ. ಅಷ್ಟೂ ವರ್ಷ ಅವರನ್ನು ತಡೆದುಕೊಳ್ಳುವ ಶಕ್ತಿ ನಮಗೆ ಸಿಗಲಿ.